ಕ್ರಮಬದ್ಧವಾದ ಒಂದು ಕಳ್ಳ ಪತ್ರ

ಗುಮಾಸ್ತರು ನಿವೃತ್ತರಾಗಿ ಆರು ವರ್ಷವಾಗಿತ್ತು. ನಿವೃತ್ತರಾದದ್ದು ಅವರು ಮಾತ್ರ. ಅವರ ಕಚೇರಿ ಅವರ ಬೆನ್ನು ಹತ್ತಿ ಮನೆಗೇ ಬಂದು, ನಡುಮನೆಯ ಕಿಟಕಿಯ ಪಕ್ಕದಲ್ಲಿ ಠಿಕಾಣಿ ಹೂಡಿತ್ತು. ಅಲ್ಲೊಂದು ಮೇಜು. ಮೇಜಿನ ಮೇಲೆ ಕೆಂಪು, ನೀಲಿ, ಹಸಿರು ಪೆನ್ನುಗಳು, ಕಾಗದಕ್ಕೆ ತೂತು ಹಾಕುವ ಯಂತ್ರ, ಕಡತ ಕಟ್ಟುವ ದಾರದ ಉಂಡೆ, ‘ಒಳಬಂದದ್ದು’, ‘ಹೊರಹೋದದ್ದು’ ಎಂದು ರಟ್ಟಿನ ಮೇಲೆ ಬರೆದ ಎರಡು ದಪ್ಪ ರಿಜಿಸ್ಟರು. ವಿದ್ಯುತ್ ಬಿಲ್ಲು ಬಂದರೂ ಅದಕ್ಕೊಂದು ಸಂಖ್ಯೆ, ಯಾರದೋ ಮದುವೆಯ ಕಾಗದ ಬಂದರೂ ಅದಕ್ಕೊಂದು ಸಂಖ್ಯೆ. ಒಮ್ಮೆ ಷಡ್ಡಕನ ಮಗಳ ಮದುವೆಯ ಕಾಗದಕ್ಕೆ ಉತ್ತರ ಬರೆದು, ತಿದ್ದಿ, ಮತ್ತೆ ಬರೆದು, ಅಂಚೆಗೆ ಹಾಕುವಷ್ಟರಲ್ಲಿ ಆ ಹುಡುಗಿಗೆ ಎರಡು ಮಕ್ಕಳಾಗಿದ್ದವು ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಬೀದಿಯವರ ಮಾತು ಬಿಡಿ, ಅಷ್ಟೇನೂ ತಡವಾಗಿರಲಿಲ್ಲ. ಒಂದೇ ಮಗು.

ನೀರಿನ ಕಂದಾಯದ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕಳೆದ ಜೀವ ಅದು. “ನಮ್ಮ ಬೀದಿಯ ಪೈಪು ಒಡೆದು ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿದೆ” ಎಂದು ಯಾರಾದರೂ ಒದ್ದೆ ಬಟ್ಟೆಯಲ್ಲೇ ಓಡಿ ಬಂದರೆ, ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದದ್ದು ಒಂದೇ ಮಾತು: “ಉಲ್ಲೇಖ ಎಲ್ಲಿ?” ಉಲ್ಲೇಖ ಎಂದರೆ, ಈ ಪತ್ರ ಹಿಂದಿನ ಯಾವ ಪತ್ರಕ್ಕೆ ಸಂಬಂಧಿಸಿದ್ದು ಎಂದು ಮೇಲ್ಗಡೆ ಬರೆಯುವ ಒಂದು ಸಾಲು. ಅದಿಲ್ಲದ ಕಾಗದ ಅವರ ಮಟ್ಟಿಗೆ ತಲೆಯಿಲ್ಲದ ದೇಹ. ಹೀಗಾಗಿ ಊರಿನಲ್ಲಿ ಅವರಿಗೆ ಉಲ್ಲೇಖದ ಗುಮಾಸ್ತರು ಎಂದೇ ಹೆಸರಾಯಿತು. ಅದನ್ನು ಗೇಲಿ ಎಂದು ಅವರು ಎಂದೂ ತಿಳಿಯಲಿಲ್ಲ. ಬಿರುದು ಎಂದೇ ತಿಳಿದಿದ್ದರು.

ಅವರ ಹೆಂಡತಿಯದು ಇದಕ್ಕೆ ತದ್ವಿರುದ್ಧ. ಗಿರಾಕಿ ಬಾಗಿಲಲ್ಲಿ ನಿಂತು “ಒಂದು ಪರದೆ ಹೊಲಿಸಬೇಕಿತ್ತು” ಅನ್ನುವಷ್ಟರಲ್ಲಿ ಬಟ್ಟೆಗೆ ಕತ್ತರಿ ಬಿದ್ದಿರುತ್ತಿತ್ತು. ಬೀದಿಗೆಲ್ಲ ಆಕೆ ಟೈಲರಮ್ಮ. ಅಡುಗೆಮನೆಯ ಪಕ್ಕದ ಕಿರುಕೋಣೆಯಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ತಲೆಗೆ ತಾಗುವ ಒಂದು ಬಲ್ಬು ಇಟ್ಟುಕೊಂಡು ಇಪ್ಪತ್ತಾರು ವರ್ಷ ಹೊಲಿದವಳು. ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಕಿತ್ತುಹೋದ ಜಿಪ್ಪು; ಹೀಗೆ ಊರಿನ ಅರ್ಧ ಮಾನ ಆಕೆಯ ಸೂಜಿಯಿಂದ ಉಳಿದಿತ್ತು ಎಂದರೂ ನಡೆದೀತು. ಹೊಲಿದು ಬಂದದ್ದರಲ್ಲಿ ಮನೆಗೆ ಕೊಟ್ಟು ಮಿಕ್ಕಿದ್ದನ್ನು ಬ್ಯಾಂಕಿಗೆ ಹಾಕುತ್ತ ಬಂದಿದ್ದಳು. ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. “ಕಾಗದ ಪತ್ರದ ವ್ಯವಹಾರ ನನಗಿರಲಿ” ಎಂದು ಗುಮಾಸ್ತರು ಮದುವೆಯಾದ ಹೊಸತರಲ್ಲೇ ಹೇಳಿದ್ದರು. ಖಾತೆಗೆ ಮೊಬೈಲ್ ಮಾತ್ರ ಟೈಲರಮ್ಮನದೇ ನಮೂದಾಗಿತ್ತು, ಯಾಕೆಂದರೆ ಗುಮಾಸ್ತರು ಆಗ ಫೋನ್ ಎಂಬುದನ್ನೇ ಅಧಿಕೃತ ಸಂವಹನ ಎಂದು ಒಪ್ಪಿರಲಿಲ್ಲ.

ಆ ವಾರ ಟೈಲರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿದ್ದ ಚಪ್ಪಲಿ ಅಂಗಡಿ ಖಾಲಿಯಾಗಿತ್ತು. ಎರಡು ಕಡೆ ಗಾಜು, ಒಳಗೆ ಮೂರು ಯಂತ್ರ ಹಿಡಿಸುವಷ್ಟು ಜಾಗ, ಬಟ್ಟೆ ತೂಗುಹಾಕಲು ಗೋಡೆಯುದ್ದಕ್ಕೂ ಕಂಬಿ. ಮಾಲೀಕರು ಶನಿವಾರ ಮಧ್ಯಾಹ್ನದವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಮುಂಗಡ ಬರದಿದ್ದರೆ ಅಂಗಡಿ ಮೊಬೈಲ್ ರಿಪೇರಿಯವನ ಪಾಲು. ಮುಂಗಡಕ್ಕೆ ಬೇಕಾದದ್ದು ಸರಿಯಾಗಿ ಆ ಖಾತೆಯಲ್ಲಿದ್ದಷ್ಟೇ ಹಣ. ಟೈಲರಮ್ಮ ಸೋಮವಾರವೇ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಳು. ಆದರೆ ಗುಮಾಸ್ತರು ಬಾಡಿಗೆ ಕರಾರನ್ನು ಓದುತ್ತಿದ್ದರು. ಮೂರು ಪುಟದ ಕರಾರು, ಮಂಗಳವಾರಕ್ಕೆ ಒಂದೂವರೆ ಪುಟ ಮುಗಿದಿತ್ತು.

ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಇ-ಮೇಲ್ ಬಂತು.

ಗುಮಾಸ್ತರಲ್ಲಿ ಒಂದು ಕಂಪ್ಯೂಟರ್ ಇತ್ತು. ಕಚೇರಿಯವರು ಹಳೆಯದೆಂದು ಹರಾಜು ಹಾಕಿದಾಗ ಕೊಂಡದ್ದು. ಪರದೆಯ ಮೇಲೆ ಓದುವುದು ಓದುವುದೇ ಅಲ್ಲ ಎಂಬುದು ಅವರ ಅಭಿಪ್ರಾಯವಾಗಿದ್ದರಿಂದ ಬಂದ ಪ್ರತಿ ಇ-ಮೇಲನ್ನೂ ಮುದ್ರಿಸಿ, ಸಂಖ್ಯೆ ಹಾಕಿ, ತೂತು ಹೊಡೆದು, ಆಮೇಲೆ ಕನ್ನಡಕ ಏರಿಸುತ್ತಿದ್ದರು. ಈ ಇ-ಮೇಲಿನ ನೆತ್ತಿಯ ಮೇಲೆ ಅವರ ಬ್ಯಾಂಕಿನ ಗುರುತು ಇತ್ತು. ಕೆಳಗೆ ಹೀಗೆ ಬರೆದಿತ್ತು: ‘ಪ್ರಿಯ ಗ್ರಾಹಕ, ನಿಮ್ಮ ಖಾತೆಯಲ್ಲಿ ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಖಾತೆ ಸ್ಥಗಿತವಾಗಲಿದೆ. ತಪ್ಪಿಸಲು ಕೂಡಲೇ ಕೆಳಗೆ ಒತ್ತಿ, ನಿಮ್ಮ ಖಾತೆ ಸಂಖ್ಯೆ ಮತ್ತು ಪಾಸ್‌ವರ್ಡ್ ತುಂಬಿ. ಇಂತಿ, ಗ್ರಾಹಕ ರಕ್ಷಣಾ ವಿಭಾಗ.’

ಗುಮಾಸ್ತರಿಗೆ ಸಿಟ್ಟು ನೆತ್ತಿಗೇರಿತು. ಖಾತೆ ನಿಲ್ಲುತ್ತದೆ ಎಂದಲ್ಲ.

“ಪ್ರಿಯ ಅಂತೆ, ಪ್ರಿಯ,” ಎಂದರು ಕಾಗದವನ್ನು ಕಿರುಕೋಣೆಯವರೆಗೂ ಹಿಡಿದುಕೊಂಡು ಹೋಗಿ. “ಇವನೇನು ನನಗೆ ಪ್ರೇಮಪತ್ರ ಬರೀತಿದಾನಾ? ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಸಹಿ ಇಲ್ಲ. ಯಾರಿಗೆ ಅಂತ ಹೆಸರಿಲ್ಲ. ಬ್ಯಾಂಕು ಎಂಥೆಂಥೋರನ್ನ ಕೆಲಸಕ್ಕೆ ತಗೊಂಡಿದೆ ನೋಡು.”

ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಕೈಗೆ ತೆಗೆದುಕೊಂಡು ಕಾಗದ ಓದಿದಳು.

“ರೀ, ಖಾತೆ ನಿಂತು ಹೋಗುತ್ತಂತೆ. ಶನಿವಾರ ಮುಂಗಡ ಕೊಡ್ಬೇಕು.”

“ಅದನ್ನೂ ಸರಿಯಾಗಿ ಹೇಳಿಲ್ಲ. ಯಾವ ನಿಯಮದ ಪ್ರಕಾರ ನಿಲ್ಲಿಸ್ತಾರೆ? ನಿಯಮದ ಸಂಖ್ಯೆ ಬೇಡ್ವಾ?”

“ನಿಯಮ ಮನೆ ಹಾಳಾಗ್ಲಿ. ಒತ್ತು ಅಂತ ಹೇಳಿದಾರಲ್ಲ, ಒತ್ತಿಬಿಡಿ.”

“ಕಾಗದದ ಮೇಲೆ ಏನು ಒತ್ತಲಿ?”

“ಆ ಡಬ್ಬದ ಮೇಲೆ ಒತ್ತಿ.”

“ಉತ್ತರ ಅಂದ್ರೆ ಒತ್ತೋದಲ್ಲ ಕಣೇ, ಬರೆಯೋದು,” ಎಂದು ಗುಮಾಸ್ತರು ಮೇಜಿಗೆ ಹೋಗಿ ಕೂತರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಗುಮಾಸ್ತರಿಗೆ ಆ ಪತ್ರದ ಮೇಲೆ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ. ಅವರನ್ನು ಬಲು ಜಾಣರು ಎಂದು ನೀವು ಮೆಚ್ಚಿಕೊಳ್ಳುವುದು ಬೇಡ. ಅದು ಬ್ಯಾಂಕಿನದೇ ಎಂದು ನಂಬಿದ್ದರು, ಕೆಟ್ಟದಾಗಿ ಬರೆದಿದ್ದಾರೆ ಎಂದಷ್ಟೇ ಅವರ ತಕರಾರು. ಎರಡು ಬೆರಳಿನಲ್ಲಿ ಒಂದೂವರೆ ಗಂಟೆ ಕುಟ್ಟಿ ಅವರು ಕಳಿಸಿದ ಉತ್ತರದಲ್ಲಿ ಐದು ಆಕ್ಷೇಪಣೆಗಳಿದ್ದವು. ಪತ್ರಕ್ಕೆ ಸಂಖ್ಯೆಯಿಲ್ಲ. ಉಲ್ಲೇಖವಿಲ್ಲ. ಸಹಿ ಮಾಡಿದವರ ಹುದ್ದೆಯಿಲ್ಲ. ‘ಕೂಡಲೇ’ ಎಂಬುದಕ್ಕೆ ಕಾಲಮಿತಿಯಿಲ್ಲ. ಖಾತೆ ಹೆಂಡತಿಯೊಡನೆ ಜಂಟಿಯಾಗಿದ್ದು, ನಮೂದಾದ ಮೊಬೈಲೂ ಆಕೆಯದಾಗಿರುವಾಗ, ‘ಪ್ರಿಯ’ ಎಂಬ ಸಂಬೋಧನೆ ಸಲ್ಲದು. ‘ಆದ್ದರಿಂದ ಸದರಿ ಪತ್ರವನ್ನು ಸರಿಪಡಿಸಿ ಮರುಸಲ್ಲಿಸುವಂತೆ ಹಿಂದಿರುಗಿಸಿದೆ.’ ಮೇಲ್ಗಡೆ ತಮ್ಮ ಹೆಸರು, ವಿಳಾಸ, ಮನೆಯ ದೂರವಾಣಿ ಸಂಖ್ಯೆ. ಕೆಳಗೆ ಎರಡು ಗೆರೆ.

ಆ ಕಡೆ ಕೂತವನ ಮುಖ ಹೇಗಾಯಿತೋ ದೇವರಿಗೇ ಗೊತ್ತು. ದಿನಕ್ಕೆ ಸಾವಿರ ಜನರಿಗೆ ಗಾಳ ಹಾಕುವವನಿಗೆ ಬೈಗುಳ ಬರುವುದುಂಟು, ಬಹಳ ಸಲ ಏನೂ ಬರುವುದೇ ಇಲ್ಲ, ಆದರೆ ಬರೆದ ಪತ್ರ ತಿದ್ದುಪಡಿಗೆ ವಾಪಸಾದದ್ದು ಪ್ರಾಯಶಃ ಅದೇ ಮೊದಲು. ಬುಧವಾರ ಎರಡನೆಯ ಮೇಲ್ ಬಂತು. ಕೆಂಪು ಅಕ್ಷರದಲ್ಲಿ ‘ಅಂತಿಮ ಎಚ್ಚರಿಕೆ, ಇನ್ನು ಆರೇ ಗಂಟೆ’ ಎಂದಿತ್ತು. ಟೈಲರಮ್ಮ ಅದನ್ನು ನೋಡಿದವಳೇ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದಳು. ಗುಮಾಸ್ತರು ಮಾತ್ರ ನಿಧಾನವಾಗಿ ತಲೆಯಾಡಿಸಿದರು.

“ಮೊದಲನೇ ಪತ್ರಕ್ಕೇ ಸಂಖ್ಯೆ ಇಲ್ಲ, ಅದಕ್ಕೆ ಜ್ಞಾಪನಾ ಪತ್ರ ಬೇರೆ. ಕೆಂಪು ಶಾಯಿ ಉಪಯೋಗಿಸೋಕೆ ಇವನಿಗೆ ಅಧಿಕಾರ ಕೊಟ್ಟೋರು ಯಾರು?”

“ಆರು ಗಂಟೆ ಅಂತಿದೆ ರೀ.”

“ನಮ್ಮ ಕಚೇರಿಯಿಂದ ಇಪ್ಪತ್ತನಾಲ್ಕು ಗಂಟೆ ನೋಟಿಸು ಹೊರಡೋಕೇ ಮೂರು ತಿಂಗಳು ಹಿಡೀತಿತ್ತು. ಸುಮ್ನಿರು.”

ಆಮೇಲೆ ಅವರಿಗೇ ಒಂದಿಷ್ಟು ಕನಿಕರ ಹುಟ್ಟಿತು. ಯಾರೋ ಹೊಸಬ, ಹೇಳಿಕೊಡುವವರಿಲ್ಲ, ಮೇಲಿನವರು ಜೋರು ಮಾಡುತ್ತಿರಬೇಕು, ಅದಕ್ಕೇ ಹೀಗೆ ಗಾಬರಿಯಲ್ಲಿ ಬರೆಯುತ್ತಾನೆ. ತಾವೂ ಇಪ್ಪತ್ತೆರಡರ ವಯಸ್ಸಿನಲ್ಲಿ ಹಾಗೆಯೇ ಬೆವರಿದ್ದು ನೆನಪಾಯಿತು. ಅಟ್ಟದ ಮೇಲಿಂದ ಹಳೆಯ ಕಡತ ಇಳಿಸಿ, ಧೂಳು ಕೊಡವಿ, ಕೆಟ್ಟುಹೋದ ನೀರಿನ ಮೀಟರಿನ ಬಗ್ಗೆ ತಾವೇ ಬರೆದಿದ್ದ ಒಂದು ನೋಟಿಸನ್ನು ಹುಡುಕಿದರು. ಹಿಂದಿನ ಅಧಿಕಾರಿಯೊಬ್ಬರು ಅದನ್ನು ಓದಿ “ಇದರಲ್ಲಿ ಒಂದು ಅಕ್ಷರ ತೆಗೆಯೋ ಹಾಗಿಲ್ಲ” ಎಂದಿದ್ದರಂತೆ. ಅದನ್ನು ಇದ್ದದ್ದು ಇದ್ದ ಹಾಗೆ ಟೈಪು ಮಾಡಿ ಉತ್ತರದ ಜೊತೆ ಕಳಿಸಿದರು. ‘ತಮ್ಮ ಮಾರ್ಗದರ್ಶನಕ್ಕಾಗಿ ಮಾದರಿಯೊಂದನ್ನು ಲಗತ್ತಿಸಿದೆ. ಪತ್ರವು ಕ್ರಮಬದ್ಧವಾಗಿ ಬಂದಲ್ಲಿ ಕೋರಿದ ಮಾಹಿತಿಯನ್ನು ಅಂದೇ ಒದಗಿಸಲಾಗುವುದು.’

ಸಂಜೆಯೊಳಗೆ ಮನೆಯ ಫೋನ್ ಬಡಿದುಕೊಂಡಿತು.

“ಸರ್, ಬ್ಯಾಂಕಿನ ಹಿರಿಯ ಮ್ಯಾನೇಜರ್ ಮಾತಾಡ್ತಿರೋದು,” ಎಂದಿತು ಒಂದು ಗಂಡು ದನಿ. “ನಿಮ್ಮ ಖಾತೆ ಇವತ್ತೇ ಬ್ಲಾಕ್ ಆಗ್ತಿದೆ. ಬೇಗ ಪಾಸ್‌ವರ್ಡ್ ಹೇಳಿ.”

“ಯಾವ ಶಾಖೆ?”

“ಮುಖ್ಯ ಕಚೇರಿ ಸರ್. ಟೈಮಿಲ್ಲ.”

“ಟೈಮಿಲ್ಲ ಅಂದ್ರೆ ಹೆಚ್ಚುವರಿ ಸಿಬ್ಬಂದಿ ಬೇಕು ಅಂತ ಬರೆದುಕೊಳ್ಳಿ. ಬಾಯಿಮಾತಿನ ಆದೇಶದ ಮೇಲೆ ನಾನು ಮೂವತ್ತೆಂಟು ವರ್ಷದಲ್ಲಿ ಒಂದು ನಲ್ಲಿ ತಿರುಗಿಸಿದೋನಲ್ಲ. ಬರವಣಿಗೆಯಲ್ಲಿ ಕೊಡಿ.”

“ಕೊಟ್ಟಿದೀನಲ್ಲ ಸರ್, ಎರಡು ಸಲ.” ದನಿ ಅಳುವ ಹಾಗಾಗಿತ್ತು.

“ಅದನ್ನ ಬರವಣಿಗೆ ಅಂತಾರೇನಪ್ಪಾ?”

“ಸರಿಯಾಗಿ ಬರೆದು ಕಳಿಸಿದ್ರೆ ಖಂಡಿತ ಕೊಡ್ತೀರಾ ಸರ್?”

“ಒಂದು ನಿಮಿಷ ತಡ ಮಾಡಲ್ಲ. ನಾನು ಕಳಿಸಿದ ಮಾದರಿ ನೋಡಿದ್ರಾ?”

“ನೋಡ್ತೀನಿ ಸರ್,” ಎಂದು ಫೋನಿಟ್ಟ. ವಿಧೇಯ ಹುಡುಗ ಎಂದುಕೊಂಡರು ಗುಮಾಸ್ತರು.

ಗುರುವಾರ ಏನೂ ಬರಲಿಲ್ಲ. ಟೈಲರಮ್ಮ ಆ ದಿನ ಮೂರು ಸಲ ಹೊಲಿಗೆ ಬಿಚ್ಚಿ ಹೊಲಿದಳು. ಕೈ ಯಂತ್ರದ ಮೇಲೆ, ಮನಸ್ಸು ಖಾತೆಯ ಮೇಲೆ. ಮಾಲೀಕರು ಬಾಗಿಲಿಗೆ ಬಂದು “ಏನಮ್ಮಾ, ಮೊಬೈಲಿನೋನು ಕೇಳ್ತಾನೇ ಇದಾನೆ” ಎಂದು ಹೇಳಿ ಹೋದರು. ಅವರು ಹೋದ ಮೇಲೆ ಆಕೆ ಗಂಡನ ಮೇಜಿನ ಮುಂದೆ ಬಂದು ನಿಂತಳು.

“ನಿಮ್ಮನ್ನ ಇಷ್ಟು ವರ್ಷದಲ್ಲಿ ಒಂದು ವಿಷಯಕ್ಕೂ ಅವಸರ ಮಾಡಿಲ್ಲ. ಫ್ರಿಜ್ಜು ಬಂದಿದ್ದು ಬೇಸಿಗೆ ಮುಗಿದ ಮೇಲೆ, ಮಾತಾಡಲಿಲ್ಲ. ಈ ಅಂಗಡಿ ಕೈತಪ್ಪಿದ್ರೆ ಮಾತ್ರ ನಾನು ಹೊಟ್ಟೆಗೆ ಹಾಕ್ಕೊಳ್ಳಲ್ಲ. ಆ ಕಿರುಕೋಣೆಯಲ್ಲಿ ನನ್ನ ಬೆನ್ನು ಬಾಗಿಹೋಯ್ತು.”

ಗುಮಾಸ್ತರು ಕರಾರಿನ ಉಳಿದ ಒಂದು ಪುಟವನ್ನು ಆ ಸಂಜೆಯೇ ಓದಿ ಮುಗಿಸಿದರು. ಅವರ ಲೆಕ್ಕದಲ್ಲಿ ಅದು ಕ್ಷಮೆ ಕೇಳಿದಂತೆ.

ಶುಕ್ರವಾರ ಬೆಳಿಗ್ಗೆ ಮೂರನೆಯ ಮೇಲ್ ಬಂತು. ಮುದ್ರಣದ ಯಂತ್ರ ಕಾಗದವನ್ನು ಮೇಲಿಂದ ಕೆಳಕ್ಕೆ ಉಗುಳುತ್ತ ಹೋದಂತೆ ಗುಮಾಸ್ತರ ಕಣ್ಣು ಅರಳುತ್ತ ಹೋಯಿತು. ಎಡಗಡೆ ಸಂಖ್ಯೆ. ಬಲಗಡೆ ದಿನಾಂಕ. ‘ಮಾನ್ಯರೇ’ ಎಂಬ ಸಂಬೋಧನೆ. ವಿಷಯ: ತಮ್ಮ ಜಂಟಿ ಖಾತೆಯ ದೃಢೀಕರಣದ ಬಗ್ಗೆ. ಉಲ್ಲೇಖ: ಒಂದಲ್ಲ, ಮೂರು, ಅದರಲ್ಲಿ ಮೂರನೆಯದು ಅವರದೇ ಆಕ್ಷೇಪಣಾ ಪತ್ರ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಎತ್ತಿರುವ ಆಕ್ಷೇಪಣೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಅವು ಸಮಂಜಸವಾಗಿವೆ ಎಂದು ಕಂಡುಬಂದಿರುತ್ತದೆ.’ ಕೊನೆಗೆ ಲಗತ್ತುಗಳ ಪಟ್ಟಿ, ಸಹಿ, ಹುದ್ದೆ, ಯಾರ್ಯಾರಿಗೆ ಪ್ರತಿ ಎಂಬ ವಿವರ.

ಗುಮಾಸ್ತರ ಕಣ್ಣು ತುಂಬಿ ಬಂತು. ಸುಳ್ಳಲ್ಲ. ಆರು ವರ್ಷದಲ್ಲಿ ಅವರಿಗೆ ಯಾರೂ ಇಂಥ ಪತ್ರ ಬರೆದಿರಲಿಲ್ಲ. ಹಳೆಯ ಕಚೇರಿಯವರು ಹಬ್ಬಕ್ಕೂ ನೆನೆಯುವುದಿಲ್ಲ, ಬೀದಿಯವರು ಮುಖ ಕಂಡರೆ ನಗುತ್ತಾರೆ, ಮನೆಯಲ್ಲಿ ಹೆಂಡತಿ ಒತ್ತಿ ಬಿಸಾಕಿ ಅನ್ನುತ್ತಾಳೆ. ಇವನೊಬ್ಬ ಎಲ್ಲಿಯವನೋ, ಅವರ ಮಾತನ್ನು ಕೇಳಿ, ಕಲಿತು, ‘ಸಮಂಜಸವಾಗಿವೆ’ ಎಂದು ಬರೆದಿದ್ದ. ಅವನ ಬೆನ್ನು ತಟ್ಟಬೇಕು ಅನ್ನಿಸಿತು ಅವರಿಗೆ.

ಕೊಟ್ಟ ಮಾತಿನಂತೆ ಒಂದು ನಿಮಿಷ ತಡ ಮಾಡಲಿಲ್ಲ. ಲಗತ್ತಿಸಿದ್ದ ನಮೂನೆಯಲ್ಲಿ ಖಾತೆಯ ಸಂಖ್ಯೆ ತುಂಬಿದರು, ಪಾಸ್‌ವರ್ಡ್ ತುಂಬಿದರು, ‘ಷರಾ’ ಎಂಬ ಕಡೆ ‘ಪತ್ರ ತೃಪ್ತಿಕರವಾಗಿದೆ’ ಎಂದು ತಮ್ಮ ಕಡೆಯಿಂದ ಒಂದು ಮಾತು ಸೇರಿಸಿ ಕಳಿಸಿಬಿಟ್ಟರು. ಇನ್ನು ಉಳಿದದ್ದು ಪತ್ರದ ಕೊನೆಯ ಅಂಶ ಮಾತ್ರ: ‘ಜಂಟಿ ಖಾತೆದಾರರ ಮೊಬೈಲಿಗೆ ಬರುವ ಆರು ಅಂಕಿಗಳ ಸಂಖ್ಯೆಯನ್ನು ಐದು ನಿಮಿಷದೊಳಗೆ ತಿಳಿಸತಕ್ಕದ್ದು.’

ಕಿರುಕೋಣೆಯಲ್ಲಿ ಟೈಲರಮ್ಮನ ಫೋನ್ ಸದ್ದು ಮಾಡಿತು. ಗುಮಾಸ್ತರು ಪತ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಓಡಿದರು. ಅವರು ಓಡಿದ್ದನ್ನು ಟೈಲರಮ್ಮ ನೋಡಿದ್ದು ಮದುವೆಯಾದ ಮೇಲೆ ಇದೇ ಮೊದಲು.

“ನಿನ್ನ ಫೋನಿಗೊಂದು ನಂಬರ್ ಬಂದಿರುತ್ತೆ, ಬೇಗ ಹೇಳು. ಬ್ಯಾಂಕಿನೋರು ಪತ್ರ ಸರಿ ಮಾಡಿ ಕಳಿಸಿದಾರೆ.”

“ಬಂತಾ? ಖಾತೆ ಉಳೀತಾ?” ಎನ್ನುತ್ತ ಆಕೆ ಫೋನಿಗೆ ಕೈ ಚಾಚಿದಳು. “ಏನಂತ ಬರೆದಿದಾರೆ?”

ಇನ್ನೂ ನಾಲ್ಕು ನಿಮಿಷವಿತ್ತು. ಇಂಥ ಪತ್ರವನ್ನು ಓದಿ ಹೇಳದೆ ಇರಲು ಗುಮಾಸ್ತರಿಂದಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಸಂಖ್ಯೆಯಿಂದ ಹಿಡಿದು ಪ್ರತಿಯೊಂದು ಸಾಲನ್ನೂ ರಾಗವಾಗಿ ಓದಿದರು. ಕೊನೆಯ ಸಾಲನ್ನೂ ಬಿಡಲಿಲ್ಲ: “ಪ್ರತಿಯನ್ನು ಮಾಹಿತಿಗಾಗಿ, ಮೀಟರ್ ಶಾಖೆ, ಎರಡನೇ ಮಹಡಿ.”

ಟೈಲರಮ್ಮನ ಕೈ ಫೋನಿನ ಮೇಲೆ ಹಾಗೇ ನಿಂತಿತು.

“ಎಲ್ಲಿ, ಆ ಕೊನೇದು ಇನ್ನೊಂದು ಸಲ ಓದಿ.”

“ಮೀಟರ್ ಶಾಖೆ, ಎರಡನೇ ಮಹಡಿ.”

“ಬ್ಯಾಂಕಿನಲ್ಲಿ ಎಂಥ ಮೀಟರ್ ರೀ? ನಮ್ಮ ಬ್ಯಾಂಕಿಗೆ ಒಂದನೇ ಮಹಡಿನೇ ಇಲ್ಲ.”

ಗುಮಾಸ್ತರು ಕಾಗದ ನೋಡಿದರು. ಆ ಸಾಲು ಅವರ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಮೂವತ್ತೆಂಟು ವರ್ಷ ತಾವು ಬರೆದ ಪ್ರತಿ ಪತ್ರದ ಕೊನೆಗೂ ಆ ಸಾಲು ಇದ್ದೇ ಇರುತ್ತಿತ್ತು. ಇಲ್ಲದಿದ್ದರೆ ಅವರಿಗೆ ಖಾಲಿ ಅನ್ನಿಸುತ್ತಿತ್ತು, ಇದ್ದದ್ದರಿಂದ ಏನೂ ಅನ್ನಿಸಿರಲಿಲ್ಲ.

“ಅಳತೆಗೆ ಅಂತ ಹಳೇ ಅಂಗಿ ಕೊಟ್ರೆ ಅದರ ತೇಪೆನೂ ಸೇರಿಸಿ ಹೊಲಿದು ಕೊಟ್ಟ ಹಾಗಿದೆ ಇದು,” ಎಂದಳು ಟೈಲರಮ್ಮ. “ಇದು ಬ್ಯಾಂಕಿನೋರು ಬರೆದಿದ್ದಲ್ಲ. ಇದನ್ನ ಬರೆದೋರು ನೀವು. ಯಾವನೋ ನಿಮ್ಮದನ್ನೇ ನಕಲು ಹೊಡೆದು ನಿಮಗೇ ಕಳಿಸಿದಾನೆ.”

ಆಕೆ ಫೋನ್ ಎತ್ತಿ ಬಂದ ಸಂದೇಶ ಓದಿದಳು. ಅದು ಎರಡೇ ಸಾಲು. ಅಂಗಡಿಯ ಮುಂಗಡದಷ್ಟೂ ಹಣ ಯಾರದೋ ಹೆಸರಿಗೆ ಹೋಗಲು ಈ ಸಂಖ್ಯೆ. ಇದನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಕೇಳಿದರೂ ಹೇಳಬೇಡಿ. ಮಾನ್ಯರೇ ಇಲ್ಲ, ಉಲ್ಲೇಖವಿಲ್ಲ, ಮರ್ಯಾದೆಯ ಒಂದು ಮಾತಿಲ್ಲ.

“ಇದು ಬ್ಯಾಂಕು,” ಎಂದಳು ಟೈಲರಮ್ಮ.

“ಪಾಸ್‌ವರ್ಡ್ ಕೊಟ್ಟುಬಿಟ್ಟೆ ಕಣೇ,” ಎಂದರು ಗುಮಾಸ್ತರು. ಅಷ್ಟರಲ್ಲಿ ನಡುಮನೆಯ ಫೋನ್ ಬಡಿದುಕೊಂಡಿತು. ಟೈಲರಮ್ಮ ನಾಲ್ಕು ಹೆಜ್ಜೆಯಲ್ಲಿ ಹೋಗಿ ಎತ್ತಿದಳು.

“ಸರ್, ಪತ್ರ ಕ್ರಮಬದ್ಧವಾಗಿದೆಯಲ್ಲ? ಆ ನಂಬರ್ ಹೇಳಿ ಸರ್, ಒಂದೇ ನಿಮಿಷ ಇರೋದು.”

“ನಂಬರ್ ಬೇಕಾ? ಮೂರು ಪ್ರತಿಯಲ್ಲಿ ಅರ್ಜಿ ಹಾಕು. ಒಂದನ್ನ ಎರಡನೇ ಮಹಡಿಗೆ ಕಳಿಸು,” ಎಂದು ಫೋನ್ ಕುಕ್ಕಿದಳು. ಕುಕ್ಕಿದವಳೇ ಚಪ್ಪಲಿ ಮೆಟ್ಟಿಕೊಂಡಳು.

ಬ್ಯಾಂಕು ಎರಡು ಬೀದಿ ಆಚೆ. ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ಜೋತಾಡಿಸಿಕೊಂಡೇ ಮುಂದೆ, ಗುಮಾಸ್ತರು ಕಡತ ಕಂಕುಳಲ್ಲಿ ಒತ್ತಿಕೊಂಡು ಹಿಂದೆ. ತಿರುವಿನ ಅಂಗಡಿಯ ಮುಂದೆ ಹಾಯುವಾಗ ಆಕೆ ಗಾಜಿನ ಕಡೆ ತಲೆ ಎತ್ತಲಿಲ್ಲ. ಇವರು ಎತ್ತಿ ನೋಡಿದರು, ನೋಡಿ ಹೆಜ್ಜೆ ಜೋರು ಮಾಡಿದರು.

ಬ್ಯಾಂಕಿನಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಣಿಯೊಬ್ಬಳು ಅರ್ಧ ಮಾತಿನಲ್ಲೇ ವಿಷಯ ಹಿಡಿದು, ಕೀಲಿಗಳನ್ನು ಪಟಪಟ ಕುಟ್ಟಿ, ಮೊದಲು ಖಾತೆಯ ಆನ್‌ಲೈನ್ ವ್ಯವಹಾರಕ್ಕೆ ತಡೆ ಹಾಕಿದಳು. ಆಮೇಲೆ ಪರದೆಯತ್ತ ಬಾಗಿ ನೋಡಿದಳು. ಆ ಐದಾರು ಕ್ಷಣ ಟೈಲರಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

“ಹಣ ಹಾಗೇ ಇದೆ ಅಮ್ಮಾ. ಆ ನಂಬರ್ ಒಂದು ಕೊಟ್ಟಿದ್ರೆ ಗುಡಿಸಿ ಗುಂಡಾಂತರ ಮಾಡ್ತಿದ್ದ.”

ಟೈಲರಮ್ಮ ಕುರ್ಚಿಯ ಮೇಲೆ ಕೂತಳು. ಒಂದು ಲೋಟ ನೀರು ಕುಡಿದು ಹೇಳಿದಳು: “ಮೊದಲು ಇದನ್ನ ಅಂಗಡಿ ಮಾಲೀಕರಿಗೆ ಕಳಿಸಿಬಿಡಿ. ಇಲ್ಲೇ, ನನ್ನ ಕಣ್ಣೆದುರಿಗೇ.” ಗುಮಾಸ್ತರು ಹಣ ಕಳಿಸುವ ಅರ್ಜಿಗೆ ಓದದೆ ಸಹಿ ಹಾಕಿದರು. ಎರಡು ನಿಮಿಷದಲ್ಲಿ ಮುಂಗಡ ಹೋಯಿತು.

ಅಧಿಕಾರಿಣಿ ಕಡತ ಬಿಚ್ಚಿ ನೋಡಿ ತುಟಿ ಕಚ್ಚಿ ನಗು ತಡೆದಳು. “ಸರ್, ಬ್ಯಾಂಕು ಪಾಸ್‌ವರ್ಡ್ ಕೇಳೋದೇ ಇಲ್ಲ. ಎಷ್ಟು ಚೆನ್ನಾಗಿ ಕೇಳಿದ್ರೂ ಅದು ನಾವಲ್ಲ. ಇಷ್ಟು ಗಂಟೆಯೊಳಗೆ ಅಂತ ಹೆದರಿಸಿದ್ರೆ ಒಂದು ಸಲ ಇಲ್ಲಿಗೆ ನಡೆದು ಬಂದು ಕೇಳಿ, ಅವರು ಕೊಟ್ಟ ದಾರೀಲಿ ಮಾತ್ರ ಹೋಗ್ಬೇಡಿ. ಮತ್ತೆ ಇದು ನೋಡಿ.” ಆಕೆ ಮೊದಲ ಪತ್ರದ ಮೇಲ್ತುದಿಯಲ್ಲಿ ಬೆರಳಿಟ್ಟಳು. ‘ಗ್ರಾಹಕ ರಕ್ಷಣಾ ವಿಭಾಗ’ ಎಂಬ ಹೆಸರಿನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಕಳಿಸಿದವನ ವಿಳಾಸವಿತ್ತು. ಬ್ಯಾಂಕಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ; ಮಗು ಕೀಲಿಮಣೆಯ ಮೇಲೆ ಕೂತೆದ್ದಂತೆ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ. ಗುಮಾಸ್ತರು ಸರಿಯಾಗಿ ಅದರ ನಡುವೆಯೇ ಒಂದು ತೂತು ಹೊಡೆದಿದ್ದರು.

“ಒಂದು ದೂರು ಬರೆದುಕೊಡಿ ಸರ್, ಪೊಲೀಸರಿಗೂ ಕಳಿಸ್ತೀವಿ,” ಎಂದು ಆಕೆ ಬಿಳಿ ಹಾಳೆ ಮುಂದಿಟ್ಟಳು.

ಗುಮಾಸ್ತರು ಪೆನ್ನು ತೆಗೆದರು. ‘ವಿಷಯ’ ಎಂದು ಬರೆದರು. ಮುಂದಿನ ಸಾಲು ತಾನಾಗಿಯೇ ಬೆರಳಿನ ತುದಿಗೆ ಬಂತು, ಹಾಗೆಯೇ ಆ ಸಾಲು ಈಗ ಕಳ್ಳನಿಗೂ ಬರುತ್ತದೆ ಎಂಬುದು ನೆನಪಾಯಿತು. ಅವರಿಗೆ ನಾಚಿಕೆಯಾಯಿತು. ಮೋಸ ಹೋದದ್ದಕ್ಕಿಂತ, ಮೋಸದವನು ಹೊಗಳಿದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡೆನಲ್ಲ ಎಂದು ಹೆಚ್ಚು ನಾಚಿಕೆಯಾಯಿತು. ಹಾಳೆಯನ್ನು ಮಗುಚಿ ಹಾಕಿದರು.

“ನೀನು ಹೇಳು,” ಎಂದರು ಹೆಂಡತಿಗೆ. “ನಾನು ಬರೀತೀನಿ.”

ಟೈಲರಮ್ಮ ಅವರ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಬಟ್ಟೆ ಕತ್ತರಿಸುವಷ್ಟೇ ಸಲೀಸಾಗಿ ಹೇಳಿದಳು.

“ಬ್ಯಾಂಕಿನ ಹೆಸರಲ್ಲಿ ಒಬ್ಬ ಕಳ್ಳ ನಮಗೆ ಮೂರು ಪತ್ರ ಬರೆದ. ನಂಬಿ ಪಾಸ್‌ವರ್ಡ್ ಕೊಟ್ವಿ.”

“ಕೊಟ್ಟೋನು ನಾನು,” ಎಂದರು ಗುಮಾಸ್ತರು.

“ಕೊಟ್ವಿ ಅಂತಾನೇ ಬರೀರಿ. ಖಾತೆ ಇಬ್ಬರದೂ ಅಲ್ವಾ?” ಎಂದು ಆಕೆ ಮುಂದುವರಿಸಿದಳು. “ಫೋನಿಗೆ ಬಂದ ನಂಬರ್ ಕೊಡಲಿಲ್ಲ, ಅದಕ್ಕೇ ಹಣ ಉಳೀತು. ಅದು ನಾನು ಇಪ್ಪತ್ತಾರು ವರ್ಷ ಹೊಲಿದ ಹಣ. ಅವನನ್ನ ಹಿಡೀರಿ.”

ಅಷ್ಟೇ. ಗುಮಾಸ್ತರು ಒಂದು ಪದ ಸೇರಿಸಲಿಲ್ಲ, ಒಂದು ಪದ ತೆಗೆಯಲಿಲ್ಲ. ಅಧಿಕಾರಿಣಿ ಹಾಳೆ ತೆಗೆದುಕೊಂಡು ಓದಿ ತಲೆದೂಗಿದಳು.

“ನಾಲ್ಕು ಪುಟ ಬರೆದು ಕೊಡ್ತಾರೆ ಸರ್ ಜನ, ಏನಾಯ್ತು ಅಂತಾನೇ ಗೊತ್ತಾಗಲ್ಲ. ಇದು ಎಷ್ಟು ಸ್ಪಷ್ಟವಾಗಿದೆ. ಕಚೇರಿಯಲ್ಲಿ ಇದ್ದೋರು ಅಂದ್ರೆ ಹೀಗೆ.”

“ಇಲ್ಲಮ್ಮ,” ಎಂದರು ಗುಮಾಸ್ತರು, ಪೆನ್ನನ್ನು ಹೆಂಡತಿಯ ಕಡೆ ಸರಿಸುತ್ತ. “ಕರಡು ಅವಳದು. ನಾನು ಬರೀ ನಕಲು ಮಾಡಿದೋನು.”

ಟೈಲರಮ್ಮ ಮೊದಲು ಸಹಿ ಹಾಕಿದಳು. ಅದರ ಕೆಳಗೆ ಅವರು ಹಾಕಿದರು.